ಬೂಟ್ ಡಿಸ್ಕಿನಲ್ಲಿ ಇಲ್ಲದವರು

ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರಿಗೆ ಹೊಸ ಜನ್ಮ. ಕಲಬುರಗಿಯ ಮೇ ತಿಂಗಳಲ್ಲಿ ಅದು ದಿನಕ್ಕೆ ಎಷ್ಟು ಜನ್ಮ ಎತ್ತುತ್ತದೆಂದು ಲೆಕ್ಕ ಇಡುವುದು ಚಿತ್ರಗುಪ್ತನಿಗೂ ಆಗದ ಕೆಲಸ. ಪ್ರತಿ ಜನ್ಮದಲ್ಲೂ ಅದು ತನ್ನ ಆಸ್ತಿಯನ್ನು ಮೊದಲಿನಿಂದ ಹುಡುಕಬೇಕು: ಡಿಸ್ಕ್ ಎಲ್ಲಿದೆ, ಡಿಸ್ಕಿನ ಯಾವ ತುಂಡು ತನ್ನ ಮನೆ, ಯಾವುದು ಉಗ್ರಾಣ. ಈ ಹುಡುಕಾಟದ ನಿಯಮಗಳನ್ನು ಬರೆದವರು ಜರ್ಮನಿಯ ಕಡೆಯ ಪ್ರೋಗ್ರಾಮರುಗಳು. ಓದುತ್ತ ಹೋದರೆ, ಒಂದಷ್ಟು ವರ್ಷ ವಿಧಾನಸೌಧದಲ್ಲಿ ಕೂತು ಬರೆದಂತಿವೆ.

ಗೊತ್ತಿಲ್ಲದವರಿಗೆ ಎರಡು ಮಾತು. ಹಾರ್ಡ್‌ಡಿಸ್ಕನ್ನು ತುಂಡು ಮಾಡಿದರೆ ಪ್ರತಿ ತುಂಡೂ ಒಂದು ಪಾರ್ಟಿಷನ್. ವಿಂಡೋಸಿನವರು ತುಂಡಿಗೊಂದು ಅಕ್ಷರ ಕೊಡುತ್ತಾರೆ. ನಮ್ಮ ಸ್ಟೇಶನ್ ಬಜಾರದ ರಿಪೇರಿ ಅಂಗಡಿಗಳ ಶಾಸ್ತ್ರದ ಪ್ರಕಾರ ಸಿಯಲ್ಲಿ ವಿಂಡೋಸ್, ಡಿಯಲ್ಲಿ ಡಾಟಾ, ಇಯಲ್ಲಿ ಹಾಡು-ಸಿನಿಮಾ. ಕಂಪ್ಯೂಟರ್ ಹೊತ್ತು ತಂದವನಿಗೆ ಅಂಗಡಿಯ ಹುಡುಗ ಕೇಳುವ ಮೊದಲ ಪ್ರಶ್ನೆ, "ಸಿ ಹೋದ್ರ ಹೋಗ್ಲಿ ಸರ, ಡಿ ಒಳಗ ಏನದ ಹೇಳ್ರಿ" ಎಂದೇ. ಲಿನಕ್ಸಿನಲ್ಲಿ ಅಕ್ಷರಗಳಿಲ್ಲ. ಅಲ್ಲಿರುವುದು ಬೇರಿನಿಂದ ಕವಲೊಡೆದ ಒಂದೇ ಮರ; ಪ್ರತಿ ಪಾರ್ಟಿಷನ್ನನ್ನೂ ಅದರ ಯಾವುದಾದರೂ ಕೊಂಬೆಗೆ ಜೋಡಿಸಬೇಕು. ಇದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಮೌಂಟ್ ಆಗದ ತುಂಡು ಇದ್ದೂ ಇಲ್ಲ. ಅದರೊಳಗಿನ ಫೋಟೋ ಕೆಟ್ಟಿರುವುದಿಲ್ಲ, ಪತ್ರ ಅಳಿದಿರುವುದಿಲ್ಲ, ಆದರೆ ವ್ಯವಸ್ಥೆಯ ಕಣ್ಣಿಗೆ ಅದು ಬೀಳುವುದಿಲ್ಲ. ಈ ಸ್ಥಿತಿಯನ್ನು ಬೆಂಗಳೂರಿನವರಿಗೆ ಉದಾಹರಣೆ ಕೊಟ್ಟು ವಿವರಿಸಬೇಕಾದೀತು. ಕಲಬುರಗಿಯವರಿಗೆ ಬೇಕಿಲ್ಲ.

ಯಾವ ತುಂಡು ಯಾವ ಕೊಂಬೆಗೆ ಎಂದು ಬರೆದಿಡಲು ಒಂದು ಕಡತವಿದೆ, ಹೆಸರು ಎಫ್‌ಎಸ್‌ಟ್ಯಾಬ್. ನಿಜಾಮನ ಕಾಲದ ಪಟವಾರಿಯ ದಫ್ತರವೇ ಅದು. ಅದರಲ್ಲಿ ಸಾಲು ಇದ್ದರೆ ಆಸ್ತಿ ಉಂಟು, ಇಲ್ಲದಿದ್ದರೆ ಇಲ್ಲ. ಮೊದಮೊದಲು ಅದರಲ್ಲಿ "ಮೊದಲನೇ ಡಿಸ್ಕಿನ ಎರಡನೇ ತುಂಡು" ಎಂಬ ಧಾಟಿಯಲ್ಲಿ ಬರೆಯುತ್ತಿದ್ದರು. ಯಾರೋ ಧೂಳು ಹೊಡೆಯುವಾಗ ಕೇಬಲ್ ತೆಗೆದು ಪಕ್ಕದ ಕಿಂಡಿಗೆ ಹಾಕಿದರೆ ಮೊದಲನೆಯದು ಎರಡನೆಯದಾಗುತ್ತಿತ್ತು, ದಫ್ತರ ಮಾತ್ರ ತಾನು ಬರೆದದ್ದೇ ಖರೆ ಎನ್ನುತ್ತಿತ್ತು. 2006ರಲ್ಲಿ ಬಂದ ಉಬುಂಟು 6.10ರ ಹೊತ್ತಿಗೆ ಇದಕ್ಕೆ ಮದ್ದು ಸಿಕ್ಕಿತು. ಲಿನಕ್ಸಿನ ಪ್ರತಿ ತುಂಡಿಗೂ ಫಾರ್ಮ್ಯಾಟ್ ಆಗುವಾಗ ಬೀಳುವ 32 ಅಂಕಿ-ಅಕ್ಷರಗಳ ಗುರುತಿದೆ, ಯುಯುಐಡಿ ಅಂತ. ಜಾಗ ಬದಲಾದರೂ ಹೆಸರು ಬದಲಾದರೂ ಅದು ಬದಲಾಗದು. ದಫ್ತರದಲ್ಲಿ ಅದನ್ನೇ ಬರೆಯತೊಡಗಿದರು. ದೇಶದಲ್ಲಿ ಮೊದಲ ಆಧಾರ್ ಸಂಖ್ಯೆ ಹಂಚಿದ್ದು ಇದಾಗಿ ನಾಲ್ಕು ವರ್ಷಕ್ಕೆ.

ನಮ್ಮೂರಿಗೂ ಹೀಗೊಂದು ಗುರುತು ಇರುವುದು ಒಳ್ಳೆಯದೇ ಆಯಿತು. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಬೋರ್ಡು, ಲೆಟರ್‌ಹೆಡ್, ರಬ್ಬರ್ ಸ್ಟಾಂಪು ಎಲ್ಲ ಹೊಸದಾದವು. ವಿಶ್ವವಿದ್ಯಾಲಯ ಗುಲ್ಬರ್ಗದ ಹೆಸರಲ್ಲೇ ಉಳಿಯಿತು. ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು ಊರಿನ ಹೆಸರು ಬದಲಾದ ಐದು ವರ್ಷದ ಮೇಲೆ, ಆದರೂ ಟಿಕೆಟಿನ ಮೇಲೆ ಅದರ ಸಂಕೇತ ಜಿಬಿಐ. ಇಷ್ಟು ಗೊಂದಲದಲ್ಲೂ ಗಾಡಿಗಳ ಮೇಲಿನ ಕೆಎ 32 ಅಲುಗಲಿಲ್ಲ. ಹೆಸರಿಟ್ಟವರಿಗೆ ಮೆರವಣಿಗೆ, ನಂಬರ್ ಪ್ಲೇಟಿಗೆ ದುಡಿಮೆ.

ಅದೇ 2014ರ ಮಾರ್ಚಿನಲ್ಲಿ ಸಿಸ್ಟಮ್‌ಡಿ ಎಂಬ ತಂತ್ರಾಂಶದ 211ನೇ ಆವೃತ್ತಿ ಬಂತು. ಲಿನಕ್ಸ್ ಯಂತ್ರ ಎದ್ದೇಳುವಾಗ ಯಾರು ಮೊದಲು, ಯಾರು ಆಮೇಲೆ ಎಂದು ನಡೆಸುವ ಮೇಸ್ತ್ರಿ ಈ ಸಿಸ್ಟಮ್‌ಡಿ. ಲೆನಾರ್ಟ್ ಪಟರಿಂಗ್ ಮತ್ತು ಕೇ ಸೀವರ್ಸ್ 2010ರಲ್ಲಿ ಸುರು ಮಾಡಿದ್ದು. ಹೊಸ ಆವೃತ್ತಿ ದಫ್ತರದ ಹಂಗೇ ಬೇಡ ಎಂದಿತು. ಪ್ರತಿ ಪಾರ್ಟಿಷನ್ನೂ ತಾನು ಏನೆಂದು ತನ್ನ ಹಣೆಯ ಮೇಲೇ ಬರೆದುಕೊಂಡಿರಲಿ, ಏಳುವ ಯಂತ್ರ ಅದನ್ನು ಓದಿ ಸರಿಯಾದ ಜಾಗದಲ್ಲಿ ತಾನೇ ಜೋಡಿಸಿಕೊಳ್ಳಲಿ. ಅರ್ಜಿ ಬೇಡ, ಶಿಫಾರಸು ಬೇಡ. ಸ್ಟೇಶನ್ ಬಜಾರದ ಆನ್‌ಲೈನ್ ಸೆಂಟರ್ ಮುಂದೆ ಪ್ರಮಾಣಪತ್ರಕ್ಕಾಗಿ ಸಾಲಿನಲ್ಲಿ ನಿಂತ ಯಾರಿಗಾದರೂ ಇದನ್ನು ಹೇಳಿ ನೋಡಿ, ಕಣ್ಣಲ್ಲಿ ನೀರು ಬಂದೀತು.

ಹಣೆಬರಹಕ್ಕೆ ಜಾಗ ಕೊಟ್ಟದ್ದು ಜಿಪಿಟಿ. ಈಗ ಎಲ್ಲರೂ ಪ್ರೇಮಪತ್ರ ಬರೆಸುವ ಜಿಪಿಟಿ ಅಲ್ಲ, ಅದಕ್ಕಿಂತ ಬಹಳ ಹಿರಿದು. ಡಿಸ್ಕಿನ ತುಂಡುಗಳ ಪಟ್ಟಿ. 1983ರಿಂದ ಪಿಸಿಗಳಲ್ಲಿ ನಡೆದು ಬಂದ ಹಳೆಯ ಪಟ್ಟಿಯಲ್ಲಿ ಮುಖ್ಯ ತುಂಡುಗಳು ನಾಲ್ಕೇ, ಪ್ರತಿಯೊಂದರ ಜಾತಿ ಬರೆಯಲು ಒಂದೇ ಬೈಟ್. ಐದನೆಯದು ಬೇಕೆಂದರೆ ಒಂದನ್ನು ವಿಸ್ತರಿಸಿ ಅದರ ಹೊಟ್ಟೆಯಲ್ಲಿ ಹುಟ್ಟಿಸಬೇಕಿತ್ತು. ನಮ್ಮ ವಿಭಾಗವೂ ಬೀದರ, ಗುಲ್ಬರ್ಗ, ರಾಯಚೂರು, ಬಳ್ಳಾರಿ ಎಂದು ನಾಲ್ಕೇ ಇತ್ತು. ರಾಯಚೂರಿನ ಹೊಟ್ಟೆಯಿಂದ ಕೊಪ್ಪಳ ಬಂತು, ಗುಲ್ಬರ್ಗದಿಂದ ಯಾದಗಿರಿ, ಬಳ್ಳಾರಿಯಿಂದ ವಿಜಯನಗರ. ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ತುಂಡಿಗೆ ಜಾಗವಿದೆ, ಪ್ರತಿಯೊಂದರ ಜಾತಿ ಬರೆಯಲು 16 ಬೈಟ್. ಇದನ್ನು ಯಾವ ಮಂತ್ರಿಗೂ ತೋರಿಸಬೇಡಿ. 128 ಜಿಲ್ಲೆ ಮಾಡಿಯಾರು.

ತುಂಡು ಮಾಡುವುದು ಸುಲಭ, ಫಾರ್ಮ್ಯಾಟ್ ಮಾಡುವುದು ಬೇರೆ ಕೆಲಸ. ಪಟ್ಟಿಯಲ್ಲಿ ಒಂದು ಸಾಲು ಬರೆದ ಕೂಡಲೇ ಪಾರ್ಟಿಷನ್ ಹುಟ್ಟುತ್ತದೆ, ಆದರೆ ಅದರೊಳಗೆ ಒಂದು ಚೀಟಿಯನ್ನೂ ಇಡಲಾಗದು. ಕಲಬುರಗಿ ತಾಲ್ಲೂಕಿನಿಂದ ಕಮಲಾಪುರವನ್ನು ಬೇರೆ ಮಾಡಿ ಬೋರ್ಡು ಹಾಕಲು ಎಷ್ಟು ಹೊತ್ತು? ಕೆಂಪು ಬಾಳೆಗೆ ಜಿಐ ಗುರುತು ಪಡೆದ ಊರು ಅದು. ಬಾಳೆಗೇ ಸಿಕ್ಕ ಗುರುತು ಊರಿಗೆ ಸಿಗಬಾರದೇ ಎಂದು ಯಾರಿಗೋ ಅನ್ನಿಸಿರಬೇಕು. ಆದರೆ ಬೋರ್ಡಿನ ಹಿಂದೆ ಸೌಲಭ್ಯ ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಬೀದರ–ಕಲಬುರಗಿ ರೈಲುಹಳಿಯೂ ಕಮಲಾಪುರದ ದಾರಿಯಲ್ಲೇ ಹೋಗುತ್ತದೆ. 1990ರ ದಶಕದ ಕೊನೆಗೆ ಮಂಜೂರಾದ 110 ಕಿಲೋಮೀಟರ್ ಹಳಿಯ ಮೇಲೆ ಪ್ರಧಾನಿ ಹಸಿರು ನಿಶಾನೆ ತೋರಿದ್ದು 2017ರ ಅಕ್ಟೋಬರ್ 29ರಂದು. ಫಾರ್ಮ್ಯಾಟ್ ನಿಧಾನ ಎಂದು ರಿಪೇರಿ ಅಂಗಡಿಯ ಹುಡುಗನನ್ನು ಬೈಯುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಹಣೆಬರಹದ ಮಾತಿಗೆ ಬರೋಣ. ಇಂಟೆಲ್-ಎಎಂಡಿಯ 64 ಬಿಟ್ ಯಂತ್ರದ ಬೇರು ತುಂಡಿನ ಜಾತಿ ಸಂಖ್ಯೆ 4ಎಫ್68ಬಿಸಿಇ3 ಎಂದು ಸುರುವಾಗುತ್ತದೆ, ಮನೆ ತುಂಡಿನದು 933ಎಸಿ7ಇ1 ಎಂದು. ಎಆರ್‌ಎಂ ಯಂತ್ರದ ಬೇರಿಗೆ ಸಂಖ್ಯೆಯೇ ಬೇರೆ. ಪಾತ್ರ ಹಂಚುವಾಗ ಯಂತ್ರ ಒಳಗೆ ಏನಿದೆ ಎಂದು ಕೇಳುವುದಿಲ್ಲ, ಸಂಖ್ಯೆ ನೋಡುತ್ತದೆ ಅಷ್ಟೆ. ಒಳಗೆ ನಿಮ್ಮ ತಾತನ ಫೋಟೋ ಇರಲಿ, ಜಮೀನಿನ ಪಹಣಿ ಇರಲಿ, ಸಂಖ್ಯೆ ತಪ್ಪಿದ್ದರೆ ನೀವು ಯಾರೂ ಅಲ್ಲ. ಇಲ್ಲೇ ಹುಟ್ಟಿ ಇಲ್ಲೇ ಶಾಲೆಗೆ ಹೋಗಿ ಇಲ್ಲಿಯ ಬಿಸಿಲಿಗೇ ಕರ್ರಗಾದ ಹುಡುಗ ಕೂಡ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಪ್ರಮಾಣಪತ್ರವಿಲ್ಲದೆ ಈ ಭಾಗದವನಲ್ಲ ಎನ್ನುವ ಪದ್ಧತಿಗೆ ನಾವು ಒಗ್ಗಿರುವುದರಿಂದ ಇದು ದೊಡ್ಡ ಸಂಗತಿ ಅನ್ನಿಸುವುದಿಲ್ಲ. ಜರ್ಮನರಿಗೆ ಹೊಸದಿರಬೇಕು.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದು ನಿಯಮ. ಅದನ್ನು ನಾನು ಮೊದಲು ಕೇಳಿದ್ದು ಸ್ಟೇಶನ್ ಬಜಾರದ ಒಂದು ರಿಪೇರಿ ಅಂಗಡಿಯಲ್ಲಿ, ನಿವೃತ್ತ ಮಾಸ್ತರರೊಬ್ಬರು ಮಗನ ಹಳೆಯ ಕಂಪ್ಯೂಟರಿಗೆ ಎರಡನೇ ಡಿಸ್ಕ್ ಹಾಕಿಸಿಕೊಂಡು, ಅದು ಕಾಣದೆ ಮರಳಿ ತಂದಾಗ.

"ಯಾಕೋ ತಮ್ಮಾ, ಎರಡನೇ ಡಿಸ್ಕ್ ಸತ್ತದೇನು?"

"ಇಲ್ರಿ ಮಾಸ್ತರ, ಚಲೋ ಅದ. ಸಿಸ್ಟಂ ಅದರ ಕಡೀಗೆ ನೋಡಂಗಿಲ್ಲ ಅಷ್ಟೇ."

"ತಾನಾಗೇ ಹುಡುಕ್ತದ ಅಂದಿದ್ದೆಲ್ಲೋ?"

"ಹುಡುಕ್ತದರಿ. ತಾ ಯಾವ ಡಿಸ್ಕಿಂದ ಎದ್ದದ, ಆ ಡಿಸ್ಕಿನಾಗಷ್ಟೇ ಹುಡುಕ್ತದ."

ಮಾಸ್ತರರು ಕನ್ನಡಕ ತೆಗೆದು ಒರೆಸಿ, "ಹಂಗಾದ್ರ ಇದು ಬೆಂಗಳೂರಾಗ ಮಾಡಿದ ಸಾಫ್ಟ್‌ವೇರೇ ಇರಬೇಕು" ಎಂದರು. ಅಂಗಡಿಯಲ್ಲಿ ಕೂತವರೆಲ್ಲ ನಕ್ಕರು. ಹುಡುಗ ಮಾತ್ರ ನಗದೆ ಸ್ಕ್ರೂ ಬಿಚ್ಚುತ್ತಿದ್ದ.

ಹುಡುಗ ಹೇಳಿದ್ದು ಅಕ್ಷರಶಃ ನಿಜ. ಯಂತ್ರವನ್ನು ಮೊದಲು ಎಬ್ಬಿಸುವ ಬೂಟ್ ಲೋಡರ್ ತಾನು ಯಾವ ಡಿಸ್ಕಿನಿಂದ ಎದ್ದೆ ಎಂದು ಒಂದು ಟಿಪ್ಪಣಿ ಬಿಟ್ಟು ಹೋಗುತ್ತದೆ, ಸಿಸ್ಟಮ್‌ಡಿ ಆ ಬೂಟ್ ಡಿಸ್ಕಿನ ಪಟ್ಟಿಯನ್ನಷ್ಟೇ ತೆರೆಯುತ್ತದೆ. ಪಕ್ಕದ ಡಿಸ್ಕಿನಲ್ಲಿ ಹಣೆಯ ಮೇಲೆ ದಪ್ಪಕ್ಷರದಲ್ಲಿ ಸಂಖ್ಯೆ ಬರೆದುಕೊಂಡು ನಿಂತ ತುಂಡಿದ್ದರೂ ಅದಕ್ಕೆ ಕರೆ ಬರುವುದಿಲ್ಲ. ಅವರಿಗೆ ಇದಕ್ಕೊಂದು ಕಾರಣವಿದೆ. ಚುಚ್ಚಿದ್ದನ್ನೆಲ್ಲ ನಂಬಿದರೆ ಏನಾಗುತ್ತದೆಂದು ಪೆನ್‌ಡ್ರೈವ್ ಕಾಲದಲ್ಲಿ ಜಗತ್ತು ನೋಡಿದೆ. ವಿಂಡೋಸ್ ಆಗ ಯಾರು ಬಂದರೂ ಬಾಗಿಲು ತೆರೆದು, ಅವರು ತಂದ ಚೀಟಿಯಲ್ಲಿ ಬರೆದದ್ದನ್ನು ತಾನೇ ಓಡಿಸುತ್ತಿತ್ತು. 2008ರಲ್ಲಿ ಎದ್ದ ಕಾನ್‌ಫಿಕರ್ ಹುಳು ಹರಡಿದ ದಾರಿಗಳಲ್ಲಿ ಇದೂ ಒಂದು. ಝೆರಾಕ್ಸ್ ಅಂಗಡಿಗೆ ಬಯೋಡಾಟಾ ಪ್ರಿಂಟಿಗೆ ಕೊಟ್ಟ ಪೆನ್‌ಡ್ರೈವ್ ಮರಳಿ ಬರುವಾಗ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತಿದ್ದವು. ಮೈಕ್ರೋಸಾಫ್ಟ್ 2011ರಲ್ಲಿ ಆ ಬಾಗಿಲು ಮುಚ್ಚಿತು. ಹಾಗಾಗಿ ಅಪರಿಚಿತ ಡಿಸ್ಕನ್ನು ನಂಬದಿರುವುದು ಯಂತ್ರದ ಮಟ್ಟಿಗೆ ಬುದ್ಧಿವಂತಿಕೆ. ಆದರೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಜೋಡಿಸಿಕೊಂಡ ಡಿಸ್ಕು ಇಂದಿಗೂ ಅಪರಿಚಿತವೇ?

ನಾವೂ ಒಂದು ಕಾಲಕ್ಕೆ ಬೂಟ್ ಡಿಸ್ಕೇ ಆಗಿದ್ದೆವು ಎಂದು ಕೋಟೆಯ ಕಡೆ ಕೈ ತೋರಿಸುವವರಿದ್ದಾರೆ. 1347ರಲ್ಲಿ ಬಹಮನಿಗಳು ಇಲ್ಲಿಂದಲೇ ದಖ್ಖನನ್ನು ಎಬ್ಬಿಸುತ್ತಿದ್ದರು. ಮುಂದಿನ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು, ಆಮೇಲೆ ನಾವು ಯಾವುದೋ ಒಂದು ಕಿಂಡಿಯ ಎರಡನೇ ಡಿಸ್ಕಾಗಿಯೇ ಉಳಿದೆವು. ಕಾಲಕಾಲಕ್ಕೆ ಕೇಬಲ್ ಬದಲಾಯಿತು, ಅಷ್ಟೇ.

ಎರಡನೇ ಡಿಸ್ಕಿಗೆ ಇರುವ ದಾರಿ ಒಂದೇ, ಹಳೆಯ ದಫ್ತರ. ಕೈಯಾರೆ ಒಂದು ಸಾಲು ಬರೆಸಬೇಕು. ನಮಗೂ ಅದೇ ದಾರಿ. ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟು ರಾಜ್ಯದಲ್ಲಿ 114 ತಾಲ್ಲೂಕು ಹಿಂದುಳಿದಿವೆ ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಡಿಸ್ಕ್ ಇಲ್ಲಿದೆ, ಓದುವವರಿಲ್ಲ ಎಂಬ ವರದಿ ಅದು. ನಮಗಾಗಿ ಸಾಲು ಬರೆಯಲು ಸಂವಿಧಾನವನ್ನೇ ತಿದ್ದಬೇಕಾಯಿತು: 98ನೇ ತಿದ್ದುಪಡಿ, 371(ಜೆ). ವೈಜನಾಥ ಪಾಟೀಲರಂಥವರು ಅದಕ್ಕಾಗಿ ವರ್ಷಾನುಗಟ್ಟಲೆ ಹೋರಾಡಿದರು, ಸಂಸತ್ತು ಒಪ್ಪಿದ್ದು 2012ರ ಡಿಸೆಂಬರಿನಲ್ಲಿ. ಉಳಿದ ಕರ್ನಾಟಕ ತಾನಾಗಿ ಕಣ್ಣಿಗೆ ಬೀಳುತ್ತದೆ. ನಾವು ಕಣ್ಣಿಗೆ ಬೀಳಲು ದೆಹಲಿಯ ಸಹಿ ಬೇಕು.

ಸಾಲು ಬರೆದ ಮೇಲೂ ಅದರ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಏನು ಸೇರಿಸಿದ್ದಾರೆಂದು ನೋಡಬೇಕು. ದಫ್ತರದಲ್ಲಿ ಬರೆದ ಡಿಸ್ಕು ಸಿಗದಿದ್ದರೆ ಲಿನಕ್ಸ್ ಮುಂದೆ ಹೋಗುವುದಿಲ್ಲ. ಒಂದೂವರೆ ನಿಮಿಷ ಕಾಯುತ್ತದೆ, ಆಮೇಲೆ ತುರ್ತು ಸ್ಥಿತಿ ಘೋಷಿಸಿ ಕಪ್ಪು ಪರದೆಯ ಮೇಲೆ ಪಾಸ್‌ವರ್ಡ್ ಕೇಳುತ್ತ ಕೂತುಬಿಡುತ್ತದೆ. ಒಂದು ಮೂಲೆಯ ಡಿಸ್ಕು ಬಾರದ್ದಕ್ಕೆ ಇಡೀ ಸಂಸಾರ ಬಂದ್! ಇದನ್ನು ತಪ್ಪಿಸಲು ಸಾಲಿನ ಕೊನೆಗೆ 'ನೋಫೇಲ್' ಎಂದು ಬರೆಯುತ್ತಾರೆ. ಇದ್ದರೆ ಇರಲಿ, ಇಲ್ಲದಿದ್ದರೆ ಕಾಯದೆ ಮುಂದೆ ನಡೆ ಎಂದು ಅದರ ಅರ್ಥ. ಮಾಸ್ತರರ ಡಿಸ್ಕಿಗೂ ಹುಡುಗ ಅದನ್ನೇ ಬರೆದು ಕಳಿಸಿದ. ಈ ಭಾಗಕ್ಕೆಂದು ಬರೆದ ಸಾಲುಗಳಲ್ಲಿ ನೋಫೇಲ್ ಇಲ್ಲದ್ದು ನನಗೆ ಕಂಡಿಲ್ಲ. ನಮ್ಮ ಅನುದಾನ ಖರ್ಚಾಗದಿದ್ದರೂ ನಮ್ಮ ಹುದ್ದೆಗಳು ಖಾಲಿ ಬಿದ್ದರೂ ವಿಧಾನಸೌಧ ಸರಾಗ ಎದ್ದೇಳುತ್ತದೆ. ತೊಗರಿ ಒಂದೇ ಅಪವಾದ. ಕಲಬುರಗಿಯ ತೊಗರಿ ಬರಲಿಲ್ಲವೆಂದರೆ ಬೆಂಗಳೂರಿನ ಸಾರು ತುರ್ತು ಸ್ಥಿತಿಗೆ ಹೋಗುತ್ತದೆ. ಹಾಗೆಂದೇ ತೊಗರಿಯ ಬೆಲೆ ಮಾತ್ರ ಸರ್ಕಾರಕ್ಕೆ ತಾನಾಗಿ ಕಾಣುತ್ತದೆ.

ಬೂಟ್ ಡಿಸ್ಕಿನ ಒಳಗಿದ್ದವರಿಗೂ ಕಿರಿಕಿರಿ ತಪ್ಪಿದ್ದಲ್ಲ. ಜೋಡಿಸಬೇಕಾದ ಜಾಗದಲ್ಲಿ ಮೊದಲೇ ಯಾರಾದರೂ ಕೂತಿದ್ದರೆ, ಅಂದರೆ ಆ ಡೈರೆಕ್ಟರಿ ಖಾಲಿ ಇಲ್ಲದಿದ್ದರೆ, ಸಿಸ್ಟಮ್‌ಡಿ ಹೊಸ ತುಂಡನ್ನು ಅಲ್ಲಿ ತಾನಾಗಿ ಮೌಂಟ್ ಮಾಡುವುದಿಲ್ಲ. ಒಂದೇ ಜಾತಿಯ ತುಂಡು ಎರಡಿದ್ದರೆ ಸಾಮಾನ್ಯವಾಗಿ ಮೊದಲು ಕಂಡದ್ದೇ ಗೆಲ್ಲುತ್ತದೆ. ನಮ್ಮ ಕಡೆಯೂ ಅದೇ ನಿಯಮ: ರಾಯಚೂರಿನವರು ಬಯಸಿದ ಐಐಟಿ 2016ರಲ್ಲಿ ಧಾರವಾಡದಲ್ಲಿ ಸುರುವಾಯಿತು. ಏಮ್ಸ್ ಆದರೂ ಕೊಡಿ ಎಂದು ಅದೇ ರಾಯಚೂರಿನವರು 2022ರಲ್ಲಿ ಧರಣಿ ಕೂತರು. ಅವರು ಕೂತದ್ದು ಯಾವ ಬೂಟ್ ಲೋಡರಿನ ಟಿಪ್ಪಣಿಯಲ್ಲೂ ಇಲ್ಲ.

ಇನ್ನೊಂದು ಉಪಾಯವಿದೆ, ಲೈವ್ ಯುಎಸ್‌ಬಿ. ಇಡೀ ವ್ಯವಸ್ಥೆಯನ್ನೇ ಪೆನ್‌ಡ್ರೈವಿನಲ್ಲಿ ತಂದು ಚುಚ್ಚಿ ಯಾವ ಯಂತ್ರವನ್ನೂ ಆ ಹೊತ್ತಿಗೆ ತನ್ನದಾಗಿಸಿಕೊಳ್ಳಬಹುದು. ಪರದೆ ಫಳಫಳ ಹೊಳೆಯುತ್ತದೆ, ಎಲ್ಲ ಓಡುತ್ತದೆ. ಮಾಡಿದ ಕೆಲಸ ಸಾಮಾನ್ಯವಾಗಿ ಉಳಿಯುವುದಿಲ್ಲ. ಪೆನ್‌ಡ್ರೈವ್ ಕಿತ್ತು ಆರಿಸಿದರೆ ಯಂತ್ರ ಮೊದಲು ಹೇಗಿತ್ತೋ ಹಾಗೆ. 2024ರ ಸೆಪ್ಟೆಂಬರ್ 17ರಂದು ರಾಜ್ಯ ಸಚಿವ ಸಂಪುಟವೇ ಕಲಬುರಗಿಗೆ ಬಂದು ಸಭೆ ಕೂತಿತು, ಹತ್ತು ವರ್ಷದ ಮೇಲೆ. ರಸ್ತೆಗಳಿಗೆ ಅಂದು ಎಂಥಾ ಹೊಳಪು! ಸಂಜೆ ಸುರಕ್ಷಿತವಾಗಿ ಕಿತ್ತುಕೊಂಡು ಹೋದರು.

ಕೊನೆಗೆ ಉಳಿದದ್ದು 63ನೇ ಬಿಟ್. ಜಿಪಿಟಿಯಲ್ಲಿ ಪ್ರತಿ ತುಂಡಿಗೂ 64 ಸಣ್ಣ ಗುಂಡಿಗಳಿವೆ, ಎಣಿಕೆ ಸೊನ್ನೆಯಿಂದ. ತುದಿಯ 63ನೆಯದನ್ನು ಒತ್ತಿಟ್ಟರೆ ತುಂಡು ಪಟ್ಟಿಯಲ್ಲಿರುತ್ತದೆ, ಹಣೆಬರಹ ಸರಿಯಿರುತ್ತದೆ, ಆದರೆ ತಾನಾಗಿ ಜೋಡಣೆ ಬೇಡ ಎಂದು ಲೆಕ್ಕ. ಅಳಿಸಿದರು ಎಂದು ಯಾರೂ ದೂರುವಂತಿಲ್ಲ, ಕೊಟ್ಟರು ಎಂದು ಯಾರೂ ಹಿಗ್ಗುವಂತಿಲ್ಲ. ಕಲಬುರಗಿ ರೈಲ್ವೆ ವಿಭಾಗ ಇರುವುದು ಈ ಬಿಟ್ಟಿನ ಅಡಿಯಲ್ಲಿ. ಕಲ್ಯಾಣ ಕರ್ನಾಟಕದ ಹಳಿಗಳನ್ನು ಹಂಚಿಕೊಂಡು ಬಂದವರನ್ನು ನೋಡಿ: ಕಲಬುರಗಿ ಸೊಲ್ಲಾಪುರ ವಿಭಾಗಕ್ಕೆ, ಬೀದರ ಸಿಕಂದರಾಬಾದಿಗೆ, ಯಾದಗಿರಿ ಮತ್ತು ರಾಯಚೂರು ಗುಂತಕಲ್ಲಿಗೆ, ಕೊಪ್ಪಳ ಹುಬ್ಬಳ್ಳಿಗೆ. ಸ್ಟೇಶನ್ ಬಜಾರದಲ್ಲಿ ನಿಂತು ಪ್ಲಾಟ್‌ಫಾರ್ಮಿನ ಬಗ್ಗೆ ದೂರಬೇಕೆಂದರೆ ಮಹಾರಾಷ್ಟ್ರಕ್ಕೆ ಬರೆಯಬೇಕು. ಮಲ್ಲಿಕಾರ್ಜುನ ಖರ್ಗೆಯವರು 2013–14ರಲ್ಲಿ ರೈಲ್ವೆ ಮಂತ್ರಿಯಾಗಿದ್ದಾಗ ವಿಭಾಗ ಘೋಷಣೆಯಾಯಿತು, ಅಡಿಗಲ್ಲೂ ಬಿತ್ತು. ಸಿಸ್ಟಮ್‌ಡಿ 211 ಬಂದದ್ದೂ ಅದೇ ಹೊತ್ತಿಗೆ. ಅದಾದ ಮೇಲೆ ಸಿಸ್ಟಮ್‌ಡಿ 250ನ್ನೂ ದಾಟಿದೆ. ಕಲ್ಲು ಮೊದಲನೇ ಆವೃತ್ತಿಯಲ್ಲೇ ಇದೆ.

2025ರ ಜನವರಿ 6ರಂದು ಭಾರತೀಯ ರೈಲ್ವೆಗೆ ಹೊಸ ವಿಭಾಗವೊಂದು ಉದ್ಘಾಟನೆಯಾಯಿತು. ಅದು ಜಮ್ಮುವಿನದು.